ಯಮನ ದಿಕ್ಕಿನ ಪ್ಯಾನಲ್

ಚಾಮರಾಜಪೇಟೆಯ ಆ ಬೀದಿಯಲ್ಲಿ ಸಿದ್ದಮ್ಮನ ಬಾಯಿಗೆ ಬೀಳದೆ ಉಳಿದವರು ಯಾರೂ ಇರಲಿಲ್ಲ. ಸರ್ಕಾರಿ ಶಾಲೆಯಲ್ಲಿ ಅಟೆಂಡರ್ ಆಗಿದ್ದಾಗಲೇ ಹೆಡ್‌ಮೇಷ್ಟ್ರಿಗೆ ದನ ಕಾಯಲು ಹೋಗಿ ಎಂದವಳು, ನಿವೃತ್ತಿಯಾದ ಮೇಲೆ ಯಾರಿಗೆ ಹೆದರಬೇಕು? ವಾಸ್ತು ನೋಡಿ ಬಾಗಿಲು ಕೀಳಿಸಿ ಬೇರೆ ದಿಕ್ಕಿಗೆ ಇಡಿಸಿದ ಎದುರುಮನೆಯವರನ್ನು ಕಂಡರಂತೂ ಮೈಯೆಲ್ಲ ಉರಿ. ಬಾಗಿಲು ತಿರುಗಿಸಿದವರು ತಲೆಯನ್ನೂ ಒಮ್ಮೆ ತಿರುಗಿಸಿಕೊಳ್ಳಬಾರದಿತ್ತೇ ಎಂದು ಅವರಿಗೆ ಕೇಳುವಂತೆಯೇ ಹೇಳುತ್ತಿದ್ದಳು.

ಅಂಥವಳಿಗೆ ಸೋಲಾರ್ ಬೇಕಾಯಿತು. ಗಂಡ ಮುನಿರಾಮಪ್ಪನಿಗೆ ಉಬ್ಬಸ. ಸಂಜೆ ಔಷಧಿಯ ಹಬೆ ಎಳೆಯುವ ಮೆಷಿನ್ ನಡೆಯಲೇಬೇಕು. ಕರೆಂಟು ಹೋಗುವುದೂ ಅದೇ ಹೊತ್ತಿಗೆ.

ಟೈ ಕಟ್ಟಿಕೊಂಡು ಬಂದ ಕಂಪನಿಯವನು ತಾರಸಿ ತುಂಬ ಪ್ಯಾನಲ್ ಹಾಕಿಸಿ ಎಂದ. ಇದ್ದ ತಾರಸಿ ಎರಡು ಚಾಪೆ ಹಾಸುವಷ್ಟು. ಮೊದಲು ಕಣ್ಣು ತೋರಿಸಿಕೊಂಡು ಬಾ ಎಂದು ಅವನನ್ನು ಅಟ್ಟಿದಳು. ನಗರ್ತಪೇಟೆಯ ಅಂಗಡಿಯ ಚಕ್ರಪಾಣಿ ಅಗ್ಗದ್ದೊಂದು ತೋರಿಸಿದ. ಹಿಂದೆ ತಿರುಗಿಸಿ ನೋಡಿದರೆ ಎಷ್ಟು ವಾಟ್ ಎಂಬ ಚೀಟಿಯೇ ಇಲ್ಲ. ಊರು ಹೆಸರಿಲ್ಲದ್ದನ್ನು ನಿಮ್ಮ ಮಾವನ ಮನೆಗೆ ಹಾಕಿಸಿ ಎಂದಳು. ಕೊನೆಗೆ ವಾರಂಟಿಯಿದ್ದ ಒಂದೇ ಪ್ಯಾನಲ್, ಒಂದು ಬ್ಯಾಟರಿ, ಪುಟ್ಟ ಇನ್ವರ್ಟರ್ ಆರಿಸಿದಳು. ಆಯ್ಕೆಯೇನೋ ಸರಿಯಾಗಿಯೇ ಇತ್ತು.

ಕೂರಿಸಲು ಬಂದ ಚಕ್ರಪಾಣಿ ಅದನ್ನು ದಕ್ಷಿಣಕ್ಕೆ ವಾಲಿಸಿದ. ಸಿದ್ದಮ್ಮ ಹುಬ್ಬು ಗಂಟಿಕ್ಕಿದಳು.

"ಅದು ಯಮನ ದಿಕ್ಕು. ಪೂರ್ವಕ್ಕೆ ತಿರುಗ್ಸಿ."

ಪೂರ್ವಕ್ಕೆ ಪಕ್ಕದ ನಾಲ್ಕು ಮಹಡಿಯ ಕಟ್ಟಡ ಬಿಸಿಲು ತಡೆಯುತ್ತದೆಂದು ಅವನು ಅಂಗಲಾಚಿದ. ಸೂರ್ಯ ಹುಟ್ಟುವ ಕಡೆ ಗೊತ್ತಿಲ್ಲದವನೂ ಸೋಲಾರ್ ಮಾರುತ್ತಾನೆಂದು ಅವಳು ಮೂದಲಿಸಿದಳು. ಅವನು ತಿರುಗಿಸಿಟ್ಟು ಹೋದ. ತಾನೂ ಎದುರುಮನೆಯವರ ಸಾಲಿಗೆ ಸೇರಿದೆನೆಂದು ಅವಳಿಗೆ ಹೊಳೆಯದೆ ಇರಲಿಲ್ಲ. ಆದರೆ ಗಂಡನ ಉಸಿರಿನ ವಿಷಯ ಬಂದರೆ ಅವಳಿಗೆ ಎಲ್ಲಿಲ್ಲದ ಭಯ.

ಆ ವಾರವೇ ಒಂದು ಸಂಜೆ ಕರೆಂಟು ಹೋಯಿತು. ಅರೆಬರೆ ತುಂಬಿದ್ದ ಬ್ಯಾಟರಿ ಕೈಕೊಟ್ಟು ಮೆಷಿನ್ ನಡುವೆಯೇ ನಿಂತಿತು. ಮುನಿರಾಮಪ್ಪ ಗೋಡೆ ಹಿಡಿದು ಏದುಸಿರು ಬಿಡುತ್ತ ಕೂತ. ಕರೆಂಟು ಬರುವವರೆಗೆ ಸಿದ್ದಮ್ಮ ಅವನ ಬೆನ್ನು ನೀವುತ್ತ ಚಕ್ರಪಾಣಿಯನ್ನು, ಕಂಪನಿಯವನನ್ನು, ಪಕ್ಕದ ಕಟ್ಟಡದವರನ್ನು ಸಾಲಾಗಿ ಬೈದಳು. ಉಸಿರು ಸುಧಾರಿಸಿದ ಮೇಲೆ ಅವನು ಮೆಲ್ಲಗೆ ಕೇಳಿದ.

"ಯಮ ದಿಕ್ಕು ನೋಡ್ಕೊಂಡು ಬರ್ತಾನೇನೆ, ಸಿದ್ದಿ?"

ಬೆಳಿಗ್ಗೆ ಅವಳೇ ಸ್ಪ್ಯಾನರ್ ಹಿಡಿದು ತಾರಸಿ ಹತ್ತಿದಳು. ಬೋಲ್ಟು ಸಡಿಲಿಸಿ ಪ್ಯಾನಲನ್ನು ದಕ್ಷಿಣಕ್ಕೆ ತಿರುಗಿಸಿ ಬಿಗಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ಪ್ರಾರ್ಥನೆ ಮುಗಿದ ಮೇಲೆ ಶಾಲೆಗೆ ಬಂದ ಹುಡುಗನನ್ನು ನೋಡುವಂತೆ ಆ ದಿಕ್ಕನ್ನು ನೋಡಿದಳು.

"ಇಷ್ಟು ದಿನ ನೀನು ಆ ಮೂಲೇಲಿ ದಂಡಕ್ಕೆ ನಿಂತಿದ್ದೆ," ಎಂದಳು ಯಮನಿಗೆ. "ಇನ್ಮೇಲೆ ನಮ್ಮನೆಯವರ ಉಸಿರು ನಡೆಸೋದು ನಿನ್ನ ಕೆಲಸ."