ಕೆಂಪು ಅಂಚಿನ ಕಂಬಳಿ

ದೇವರಾಯಸಮುದ್ರದ ಗಂಗುಲಪ್ಪ ಕಂಬಳಿ ನೇಯುತ್ತಿದ್ದ. 1936ರಲ್ಲಿ ಅದೇ ಊರಿನ ಕುರಿಗಾಹಿ ಮುನಿಶಾಮಿಗೆ, ವ್ಯಾಪಾರಿಯೊಬ್ಬನನ್ನು ಬಡಿದು ಕೊಂದನೆಂದು ಹತ್ತು ವರ್ಷ ಜೈಲಾಯಿತು. ಸಾಕ್ಷಿ ಹೇಳಿದವನು ಮುಖ ನೋಡಿರಲಿಲ್ಲ; ಬೆಳಗಿನ ಮಂಜಿನಲ್ಲಿ ಕೆರೆ ಏರಿಯ ಮೇಲೆ ಓಡಿದವನ ಕೆಂಪು ಅಂಚಿನ ಕಂಬಳಿಯನ್ನಷ್ಟೇ ನೋಡಿದ್ದ. ಮುನಿಶಾಮಿಯ ಬಳಿ ಅಂಥದೊಂದು ಕಂಬಳಿ ಇತ್ತು; ನ್ಯಾಯಾಧೀಶರಿಗೆ ಅಷ್ಟು ಸಾಕಾಯಿತು.

ಆ ವರ್ಷ ಗಂಗುಲಪ್ಪ ಅಂಥವೇ ಹನ್ನೊಂದು ಕಂಬಳಿ ನೇಯ್ದು ಮಾರಿದ್ದ. ಅವನನ್ನು ಯಾರೂ ಕೇಳಲಿಲ್ಲ. ತಾನಾಗಿ ಹೋಗಿ ಹೇಳಲು ಅವನಿಗೆ ಪೊಲೀಸರ ಭಯ. ಆಮೇಲೆ ಮಾತ್ರ ಒಂದರಂತೆ ಇನ್ನೊಂದು ಅಂಚನ್ನು ಅವನು ನೇಯಲೇ ಇಲ್ಲ.

ಶಿಕ್ಷೆ ಮುಗಿಸಿ ಬಂದ ಮುನಿಶಾಮಿಗೆ ಗಂಗುಲಪ್ಪ ಆ ಹನ್ನೊಂದು ಕಂಬಳಿಯ ಮಾತನ್ನು ಕೊನೆಗೂ ಹೇಳಿದ.

"ಗೊತ್ತಿತ್ತು ಕಣೋ," ಎಂದ ಮುನಿಶಾಮಿ. "ಕೋರ್ಟಲ್ಲಿ ಸಾಕ್ಷಿ ಹೇಳ್ದೋನೂ ಅದೇ ಅಂಚಿನ ಕಂಬ್ಳಿ ಹೊದ್ಕೊಂಡು ನಿಂತಿದ್ದ."