ವೆಂಕೋಬನಿಗೆ ಹೇಳದ ಸುದ್ದಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹೈದರಾಬಾದಿನ ಸನತ್‌ನಗರದ ಒಂದು ಡೇ ಕೇರ್ ಸೆಂಟರಿನಲ್ಲಿ ಸಹಾಯಕಿಯಾಗಿದ್ದೆ. ಬುದ್ಧಿಯ ಬೆಳವಣಿಗೆ ಕುಂಠಿತವಾದ ಹದಿನೆಂಟು ಜನ ವಯಸ್ಕರು ಅಲ್ಲಿ ಕಾಗದದ ಚೀಲ ಮಾಡುತ್ತಿದ್ದರು. ಚೀಲಗಳು ಬೇಗಂ ಬಜಾರಿನ ಅಂಗಡಿಗಳಿಗೆ ಹೋಗುತ್ತಿದ್ದವು. ಅದಕ್ಕೂ ಮೊದಲು ನಾನು ಬಲ್ಲದ್ದು ಮನೆಗೆಲಸ, ದೇವರ ಪೂಜೆ ಎರಡೇ. ನನ್ನ ಯಜಮಾನರ ಫ್ಯಾಕ್ಟರಿ ಕ್ವಾರ್ಟರ್ಸಿನಿಂದ ಸೆಂಟರಿಗೆ ನಡೆದೇ ಹೋಗಬಹುದಿತ್ತು, ದೇವರ ದಯೆ.

ಅವರಲ್ಲಿ ಒಬ್ಬನಾದ ವೆಂಕೋಬನಿಗೆ ಆಗ ಮೂವತ್ತಾರು ವರ್ಷ. ಅಜ್ಜನ ಕಾಲಕ್ಕೆ ರಾಯಚೂರಿನ ಕಡೆಯಿಂದ ಬಂದ ಮನೆತನ. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ. ಹಿರಿಯರ ತಿಥಿಯ ನಿಮಿತ್ತ ಸೆಂಟರಿಗೆ ಊಟ ಕಳಿಸುವ ಮನೆಗಳು ಹಲವಿದ್ದವು. ತೀರಿಹೋದವರ ಹೆಸರು ಹೇಳಿ, ಎಲ್ಲರೂ ಕೈಮುಗಿದ ಮೇಲೆಯೇ ಊಟ. ಪಾತ್ರೆ ಬಂದ ಕೂಡಲೇ ವೆಂಕೋಬ, "ಇವತ್ತು ಯಾರ ಊಟರಿ ವೈನಿ?" ಎಂದು ಕೇಳುತ್ತಿದ್ದ. ಹೆಸರು ತಿಳಿಯದೆ ತುತ್ತು ಎತ್ತುತ್ತಿರಲಿಲ್ಲ.

ಒಂದು ಶ್ರಾವಣದಲ್ಲಿ ಅವನ ತಾಯಿ ತೀರಿಕೊಂಡರು. ಮನೆಯವರು ಅವನನ್ನು ಅದೇ ದಿನ ಸುಲ್ತಾನ್ ಬಜಾರಿನ ಸೋದರತ್ತೆಯ ಮನೆಗೆ ಕಳಿಸಿಬಿಟ್ಟಿದ್ದರು. ಮೂರನೆಯ ದಿನ ಅವನ ಅಣ್ಣ ಗುರುರಾಜರು ಬೋಳಿಸಿದ ತಲೆಯಲ್ಲೇ ಅವನನ್ನು ಸೆಂಟರಿಗೆ ಬಿಡಲು ಬಂದು, ನನ್ನನ್ನು ಪಕ್ಕಕ್ಕೆ ಕರೆದು, "ಅವ್ವ ಊರಿಗೆ ಹೋಗ್ಯಾಳಂತ ಹೇಳೀವ್ರಿ. ನೀವೂ ಹಂಗ ಅನ್ರಿ. ಅವಗೇನು ತಿಳೀತದ?" ಎಂದರು.

ಮನೆಯವರು ಗಾರ್ಡಿಯನ್, ಅಂದರೆ ಹೊಣೆಗಾರರು. ಅವರ ಸೂಚನೆ ಮೀರಬಾರದೆಂಬುದು ಸೆಂಟರಿನ ನಿಯಮ. ನಾನು ಒಪ್ಪಿದೆ. "ಅವ್ವ ಯಾವಾಗ ಬರ್ತಾಳ?" ಎಂದು ವೆಂಕೋಬ ದಿನಕ್ಕೆ ನಾಲ್ಕೈದು ಸಲ ಕೇಳುತ್ತಿದ್ದ. "ಬರ್ತಾರಪಾ" ಎನ್ನುತ್ತಿದ್ದೆ, ಬೆಳಿಗ್ಗೆ ದೇವರ ಸ್ತೋತ್ರ ಹೇಳಿ ಬಂದ ಅದೇ ಬಾಯಿಂದ. ವಾರದೊಳಗೆ ಅವನ ಊಟ ಅರ್ಧಕ್ಕಿಳಿಯಿತು. ದಿನಕ್ಕೆ ನಲವತ್ತು ಚೀಲ ಅಂಟಿಸುತ್ತಿದ್ದವನು ಹತ್ತಕ್ಕೆ ಬಂದ.

ಹದಿನಾಲ್ಕನೆಯ ದಿನ ಗುರುರಾಜರು ತಾಯಿಯ ಹೆಸರಿನಲ್ಲಿ ಊಟ ತಂದರು. ಅಡುಗೆಮನೆಯಲ್ಲಿ ಪಾತ್ರೆ ಇಳಿಸುತ್ತ ಮೆಲ್ಲಗೆ, "ಹೆಸರು ಹೇಳಬ್ಯಾಡ್ರಿ ಅಕ್ಕಾರ" ಎಂದರು. ವೆಂಕೋಬ ಆಗಲೇ ಬಾಗಿಲಿಗೆ ಬಂದು ನಿಂತಿದ್ದ.

"ಯಾರ ಊಟರಿ ವೈನಿ?"

ನಾನು ಗುರುರಾಜರಿಗೆ ಹೇಳಿದೆ: "ನೀವ ಹೇಳ್ರಿ. ಇಲ್ಲಾಂದ್ರ ನಾ ಹೇಳ್ತೀನಿ. ಇನ್ನ ಸುಳ್ಳ ಹೇಳೂದು ನನ್ನ ಕೈಲಾಗೂದಿಲ್ಲ."

"ಅವ ಅಳಾಕತ್ರ ಯಾರ್ ಸಂಭಾಳಿಸಬೇಕ್ರಿ?"

"ಅಳ್ಳಿ. ನಾ ಕೂಡ್ತೀನಿ ಹತ್ರ."

ವೆಂಕೋಬನನ್ನು ಒಳಗೆ ಕರೆದು, ಉಳಿದವರಿಗೆ ಕಾಣದಂತೆ ಬಾಗಿಲು ಮುಂದೆ ಮಾಡಿದೆ. ಗುರುರಾಜರು ತಮ್ಮನ ಕೈ ಹಿಡಿದರು. "ವೆಂಕಾ, ಅವ್ವ ತೀರಿಕೊಂಡ್ಳೋ."

"ಗೊತ್ತು. ನೀ ತಲಿ ಬೋಳಿಸೀದಿ."

"ಮತ್ತ ದಿನಾ ಯಾಕ ಕೇಳ್ತಿದ್ದೆಪಾ?" ಎಂದೆ ನಾನು.

"ಯಾರೂ ಹೇಳಲಿಲ್ಲಲ್ಲ." ಆಮೇಲೆ ಅವನು ಅಣ್ಣನ ತಲೆ ಸವರಿದ. "ನಂದ್ಯಾಕ ಬೋಳಿಸಲಿಲ್ಲ? ನಾ ಅಕಿ ಮಗ ಅಲ್ಲೇನು?"

ಅತ್ತವರು ಗುರುರಾಜರು.

ಸೂಚನೆ ಮೀರಿದ್ದಕ್ಕೆ ನನಗೆ ಮೆಮೊ, ಅಂದರೆ ಲಿಖಿತ ಎಚ್ಚರಿಕೆ ಸಿಕ್ಕಿತು. ಸುಳ್ಳು ಹೇಳಿದ ದಿನಗಳ ಬಗ್ಗೆ ಯಾರೂ ಕೇಳಲಿಲ್ಲ. ಮೊದಲ ವಾರದಲ್ಲೇ ಸೂಪರ್‌ವೈಸರ್ ಎದುರಿಗೆ ಮನೆಯವರನ್ನು ಕೂರಿಸಿ ಮಾತಾಡಬೇಕಿತ್ತು. ಹಾಗೆ ಮಾಡದ್ದು ನನ್ನ ತಪ್ಪು.

ಗುರುರಾಜರು ಆಚಾರ್ಯರನ್ನು ವಿಚಾರಿಸಿ ತಮ್ಮನ ತಲೆಯನ್ನೂ ಬೋಳಿಸಿದರು. ಮೊದಲ ತಿಂಗಳ ಕರ್ಮಕ್ಕೆ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡರಂತೆ. ಸೆಂಟರಿನ ಗೆಳೆಯರು "ಗುಂಡು, ಗುಂಡು" ಎಂದು ಕಾಡಿದರು, ವೆಂಕೋಬನೂ ನಕ್ಕ. ಆ ನಗುವನ್ನು ನಾನು ಪ್ರಸಾದವೆಂದೇ ತೆಗೆದುಕೊಂಡೆ. ಚೀಲ ನಲವತ್ತಕ್ಕೆ ಬರಲು ಮಾತ್ರ ಎರಡು ತಿಂಗಳು ಹಿಡಿಯಿತು.

ಅಲ್ಲಿ ಹನ್ನೊಂದು ವರ್ಷ ದುಡಿದೆ. "ಅವಗೇನು ತಿಳೀತದ" ಎಂದು ಯಾರ ಬಗ್ಗೆ ಯಾರೇ ಅಂದರೂ, ಮೊದಲು ಆ ವ್ಯಕ್ತಿಯನ್ನೇ ಕೇಳುವ ಅಭ್ಯಾಸ ಆ ದಿನದಿಂದ ಬಂತು. ಇಂಥವರನ್ನು ದುಃಖದಿಂದ ಕಾಪಾಡಲು ಹೊರಟಾಗ ಬಹುಪಾಲು ನಾವು ಕಾಪಾಡಿಕೊಳ್ಳುವುದು ನಮ್ಮನ್ನೇ.