ದಿಂಡಿಗ ಎಲ್ಲಿಂದ ಶುರು

ನಾನು ನಾರಾಯಣಪೇಟೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವಳು. ಗದ್ವಾಲಿನ ಹತ್ತಿರ, ಗಟ್ಟು ಕಡೆಯ ನಮ್ಮೂರ ಗುಡ್ಡವೇ ನನಗೆ ಡಾಕ್ಟರೇಟು ಕೊಟ್ಟಿದ್ದು. ಬುಡದಿಂದ ನೆತ್ತಿಯವರೆಗೆ ಹಗ್ಗ ಎಳೆದು, ಯಾವ ಎತ್ತರಕ್ಕೆ ಯಾವ ಗಿಡ ಎಂದು ಎಣಿಸಿದ್ದೆ. ಬುಡದಲ್ಲಿ ತಂಗಡಿ, ಅದು ಮುಗಿದಲ್ಲಿ ಸೀತಾಫಲ, ಆಮೇಲೆ ಬಂದರಿಕೆ, ನೆತ್ತಿಗೆ ಹೋದರಷ್ಟೇ ದಿಂಡಿಗದ ಮರ. ಏರಿದಂತೆ ಗಾಳಿ ತಂಪಾಗುತ್ತದೆ, ಗಿಡಗಳ ಒಕ್ಕಲು ಬದಲಾಗುತ್ತದೆ. ಹಗ್ಗದ ಇನ್ನೊಂದು ತುದಿ ಹಿಡಿದವನು ಕುರಿ ಕಾಯುವ ನನ್ನ ಅಪ್ಪ. ನಡುನಡುವೆ ಏನಾದರೂ ಹೇಳಲು ಬರುತ್ತಿದ್ದ. ಎಣಿಕೆ ತಪ್ಪುತ್ತದೆ ಸುಮ್ಮನಿರು ಎಂದು ನಾನು ಗದರುತ್ತಿದ್ದೆ.

ಮೊನ್ನೆ ಮಳೆಗಾಲದಲ್ಲಿ ರಜೆಗೆ ಊರಿಗೆ ಹೋಗಿದ್ದೆ. ಮಧ್ಯಾಹ್ನ ಇಳಿಯುವ ಮೊದಲೇ ಕುರಿಗಳು ಹಟ್ಟಿಗೆ ಬಂದವು, ಅಪ್ಪ ಬರಲಿಲ್ಲ. ಅಷ್ಟರಲ್ಲಿ ಅವನದೇ ಫೋನು.

"ಯವ್ವಾ, ಹಾವು ಮುಟ್ಟೇತಿ. ಎಡಗಾಲಿಗೆ."

"ಎಲ್ಲಿದಿ ಅಪ್ಪಾ? ನಡೀಬ್ಯಾಡ, ಅಲ್ಲೇ ಕುಂದ್ರು."

"ದಿಂಡಿಗ ಶುರು ಆಗತೈತಲ್ಲ, ಅಲ್ಲೇ ಬುಡಕ ಕುಂತೀನಿ. ನಿಂಬಿ ವಾಸನಿ ಹುಲ್ಲು ಐತಿ. ಯವ್ವಾ, ಇನ್ನೊಂದ್—"

"ಗೊತ್ತಾತು, ಬಂದ್ವಿ" ಎಂದು ಫೋನ್ ಇಟ್ಟೆ. ದಿಂಡಿಗ ಎಲ್ಲಿ ಶುರುವಾಗುತ್ತದೆಂದು ನನಗೆ ಹೇಳಿಕೊಡಬೇಕೆ?

ತಮ್ಮನ ಬೈಕಿನಲ್ಲಿ ಗುಡ್ಡದ ಬುಡಕ್ಕೆ ಬಂದು ಹತ್ತತೊಡಗಿದೆವು. ತಂಗಡಿ ದಾಟಿತು. ಸೀತಾಫಲ ದಾಟಿತು. ಬಂದರಿಕೆಯ ಪೊದೆಗಳಲ್ಲಿ ನನ್ನ ಉಸಿರು ಕಟ್ಟುತ್ತಿತ್ತು, ಆದರೂ ನಿಲ್ಲಲಿಲ್ಲ. ನೆತ್ತಿ ಮುಟ್ಟಿದಾಗ ದಿಂಡಿಗದ ಮರಗಳಿದ್ದವು, ಆ ಹುಲ್ಲೂ ಇತ್ತು. ಅಪ್ಪ ಇರಲಿಲ್ಲ.

ಗಂಟಲು ಹರಿಯುವಂತೆ ತಮ್ಮ ಕೂಗಿದ. ಉತ್ತರ ಬರಲಿಲ್ಲ. ಅಪ್ಪನ ಫೋನು ಹತ್ತಲಿಲ್ಲ.

"ಅಕ್ಕಾ, ಖರೇನ ಇಲ್ಲೇ ಅಂದನೇನ?"

"ಇಲ್ಲೇ. ದಿಂಡಿಗ ಇರೂದು ಇಲ್ಲೇ!" ಎಂದು ಅವನ ಮೇಲೆಯೇ ರೇಗಿದೆ. ಬಂಡೆ ಬಂಡೆಯ ಸಂದು ಹುಡುಕಿದೆವು. ಅಪ್ಪ ಸತ್ತುಹೋದ ಎಂದೇ ನನ್ನ ಮನಸ್ಸು ಹೇಳುತ್ತಿತ್ತು. ಹುಡುಕುತ್ತ ಗುಡ್ಡದ ಹಿಂದಿನ ಅಂಚಿಗೆ ಬಂದು ಕೆಳಗೆ ನೋಡಿದೆ. ಆ ಬಡಗಣ ಮಗ್ಗುಲಿಗೆ ಬಿಸಿಲು ಕಡಿಮೆ, ನಡುವೆ ಒಂದು ಕೊರಕಲು. ಕೊರಕಲಿನ ತಂಪು ಹಿಡಿದು ದಿಂಡಿಗದ ಮರಗಳು ಸಾಲಾಗಿ ಅರ್ಧ ಗುಡ್ಡದವರೆಗೂ ಇಳಿದಿದ್ದವು. ನಾನು ಹಗ್ಗ ಎಳೆದದ್ದು ಊರ ಕಡೆಯ ಬಿಸಿಲ ಮಗ್ಗುಲಲ್ಲಿ ಮಾತ್ರ. ಹತ್ತಲು ಅದೇ ಸಲೀಸಾಗಿತ್ತು.

ಜಾರುತ್ತ ಬೀಳುತ್ತ ಇಳಿದೆವು. ಆ ಸಾಲಿನ ಕಟ್ಟಕಡೆಯ ಮರಕ್ಕೆ ಒರಗಿ ಅಪ್ಪ ಕೂತಿದ್ದ. ಕಾಲು ಮೊಣಕಾಲಿನವರೆಗೆ ಬಾತಿತ್ತು, ಒಸಡಿನಲ್ಲಿ ರಕ್ತ. ಗುಡ್ಡದ ಬುಡ ಸುತ್ತಿ ಬಂದಿದ್ದರೆ ಅರ್ಧ ಹೊತ್ತಿಗೆ ಸಿಗುತ್ತಿದ್ದ. ತಮ್ಮ ಅವನನ್ನು ಬೆನ್ನ ಮೇಲೆ ಹೊತ್ತು ಇಳಿಸಿ, ಬುಡ ಸುತ್ತಿ ಓಡಿ ಬೈಕು ತಂದ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಗದ್ವಾಲಿನ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವನ ತಲೆ ನನ್ನ ಭುಜಕ್ಕೆ ಬಡಿಯುತ್ತಿತ್ತು. "ಇನ್ನೂ ಸ್ವಲ್ಪ ಬೇಗ ಬಂದಿದ್ರೆ ಚೆನ್ನಾಗಿತ್ತು" ಎಂದರು ಡಾಕ್ಟರು. ಅಪ್ಪನ ಜೀವ ಉಳಿಯಿತು. ಎಡಗಾಲಿನ ಎರಡು ಬೆರಳು ಉಳಿಯಲಿಲ್ಲ.

ಆರನೆಯ ದಿನ ಎದ್ದು ಕೂತು ಗಂಜಿ ಕುಡಿದ. ಈಗ ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು.

"ಇನ್ನೊಂದು ಏನೋ ಹೇಳಾಕ ಹತ್ತಿದ್ಯಲ್ಲ ಅಪ್ಪಾ, ಏನದು?" ಎಂದು ನಾನೇ ಕೇಳಿದೆ.

"ಹಿಂದಿನ ಮಗ್ಗಲಾಗ ಅದೀನಿ ಅಂತ. ಕಣ್ಣು ಮಂಜಾಗಿತ್ತು ನೋಡು, ನೀ ಫೋನ್ ಇಟ್ಟದ್ದ ಗೊತ್ತಾಗಲಿಲ್ಲ. ಬಾಳ ಹೊತ್ತು ಕಿವಿಗೆ ಹಿಡಕೊಂಡು ಅದನ್ನ ಹೇಳಿದೆ ಯವ್ವಾ. ನೀ ಕೇಳಾಕ ಹತ್ತೀ ಅಂತ ತಿಳದಿದ್ದೆ."